ತಮ್ಮ ಗಾಂಜಾ ಸೇದುತ್ತಾನೆ ಅಂತ ಗೊತ್ತಾಯ್ತು, ಈಗ ಯಾರನ್ನೂ ನಂಬುತ್ತಿಲ್ಲ. ಇದು ಗಾಂಜಾದಿಂದಲೇ ಆಗಿದ್ದಾ?

ಶಿರಾ_ಅಕ್ಕ

ಎಲ್ಲರಿಗೂ ನಮಸ್ಕಾರ. ಇದನ್ನ ಬರೆಯೋಕೆ ಕೈ ಬರುತ್ತಿಲ್ಲ, ಆದರೆ ಊರಲ್ಲಿ ಯಾರ ಹತ್ತಿರವೂ ಕೇಳುವ ಹಾಗಿಲ್ಲ.

ತಮ್ಮನಿಗೆ 20 ವರ್ಷ. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದಾನೆ, ಐದನೇ ಸೆಮಿಸ್ಟರ್. ದಸರಾ ರಜೆಗೆ ಬಂದವನು ವಾಪಸ್ ಹೋಗಲೇ ಇಲ್ಲ, ಮೂರು ವಾರ ಆಯ್ತು. ಮೊದಲು ಓದಿನ ಟೆನ್ಷನ್ ಅಂದುಕೊಂಡೆವು. ರಾತ್ರಿ ಮಲಗುವುದಿಲ್ಲ, ಟೆರೇಸ್ ಮೇಲೆ ಓಡಾಡುತ್ತಾನೆ. ಮುದ್ದೆ ತಟ್ಟೆಯಲ್ಲಿ ಹಾಗೇ ಉಳಿಯುತ್ತೆ. ಫೋನಿನ ಕ್ಯಾಮೆರಾಕ್ಕೆ ಪ್ಲಾಸ್ಟರ್ ಅಂಟಿಸಿದ್ದಾನೆ. ಯಾಕೋ ಅಂದರೆ ರೂಮ್‌ಮೇಟ್‌ಗಳು ಅದರೊಳಗೆ ಏನೋ ಹಾಕಿದ್ದಾರೆ, ನಾನು ಏನು ಮಾಡಿದರೂ ಅವರಿಗೆ ಕಾಣುತ್ತೆ ಅನ್ನುತ್ತಾನೆ. ಪಕ್ಕದ ಮನೆಯವರು ಜಗಲಿ ಮೇಲೆ ಕೂತು ಮಾತಾಡಿದರೆ ತನ್ನ ಬಗ್ಗೆಯೇ ಅಂತ ಕಿಟಕಿ ಮುಚ್ಚುತ್ತಾನೆ. ಒಬ್ಬನೇ ಏನೋ ಗೊಣಗುತ್ತಾನೆ.

ಹೋದ ಭಾನುವಾರ ಬಟ್ಟೆ ಒಗೆಯೋಕೆ ಅಂತ ಅವನ ಬ್ಯಾಗ್ ತೆಗೆದೆ. ಲೈಟರ್, ಉದ್ದುದ್ದ ತೆಳು ಪೇಪರ್, ಸಣ್ಣ ಜಿಪ್ ಕವರಿನಲ್ಲಿ ಒಣಗಿದ ಹಸಿರು ಸೊಪ್ಪು ಸಿಕ್ಕಿತು. ಅಪ್ಪ ಎಲ್ಲವನ್ನೂ ಬಚ್ಚಲಿಗೆ ಸುರಿದು ಅವನಿಗೆ ಎರಡೇಟು ಹೊಡೆದರು. ಅವನು ಅತ್ತು ಹೇಳಿದ್ದು ಇಷ್ಟು: ಪಿಯುಸಿಯಲ್ಲೇ ಶುರುವಾಗಿದ್ದು, ಈಗ ಒಂದು ವರ್ಷದಿಂದ ದಿನಾ ಬೇಕು, ಇದು ಗಿಡ, ಸಿಗರೇಟಿಗಿಂತ ವಾಸಿ. ಅವತ್ತಿನಿಂದ ಮನೆ ಬಿಟ್ಟು ಹೊರಗೆ ಹೋಗಿಲ್ಲ, ಹಾಗಾಗಿ ಆರು ದಿನದಿಂದ ಸೇದಿಲ್ಲ ಅಂದುಕೊಂಡಿದ್ದೇನೆ.

ಅಮ್ಮ ದೃಷ್ಟಿ ತೆಗೆಸೋಣ ಅನ್ನುತ್ತಾರೆ. ಅಪ್ಪ ಯಾರೋ ಹೇಳಿದ ವ್ಯಸನಮುಕ್ತಿ ಕೇಂದ್ರಕ್ಕೆ ಕಟ್ಟಿಹಾಕಿಯಾದರೂ ಸೇರಿಸುತ್ತೇನೆ ಅನ್ನುತ್ತಾರೆ. ನಮ್ಮ ತಾತ ಮಠದ ಸಾಧುಗಳ ಜೊತೆ ಕೂತು ಚಿಲುಮೆ ಎಳೆಯುತ್ತಿದ್ದರಂತೆ, 82 ವರ್ಷ ಗಟ್ಟಿಯಾಗಿ ಬದುಕಿದರು. ಅದಕ್ಕೇ ನನಗೆ ಗೊಂದಲ. ತಾತನಿಗೆ ಏನೂ ಆಗದಿದ್ದದ್ದು ಇವನಿಗೆ ಹೇಗೆ ಆಯ್ತು? ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳುತ್ತಾರಾ?

ಮಲೆನಾಡ್_ಹುಡುಗ

ಅಕ್ಕ, ಗಾಬರಿ ಆಗಬೇಡಿ. ನನಗೆ 31 ವರ್ಷ, ಎಂಟು ವರ್ಷದಿಂದ ತಿಂಗಳಿಗೆ ಒಂದೆರಡು ಸಲ ಸೊಪ್ಪು ಸೇದುತ್ತೇನೆ, ಕೆಲಸ ಮಾಡಿಕೊಂಡು ಮನೆ ನೋಡಿಕೊಂಡು ಚೆನ್ನಾಗೇ ಇದ್ದೇನೆ. 2019ರ ಸರ್ಕಾರಿ ಸರ್ವೆಯಲ್ಲೇ ದೇಶದಲ್ಲಿ ಸುಮಾರು 3 ಕೋಟಿ ಜನ ಭಂಗಿ, ಗಾಂಜಾ, ಚರಸ್ ಇದರಲ್ಲಿ ಯಾವುದೋ ಒಂದನ್ನು ಬಳಸುತ್ತಾರೆ ಅಂತ ಇದೆ. ಕೆನಡಾದಲ್ಲಿ 2018ರಿಂದ ಅಂಗಡಿಯಲ್ಲೇ ಮಾರುತ್ತಾರೆ. ಹೆಂಡ ಕುಡಿದು ಹೆಂಡತಿಗೆ ಹೊಡೆಯುವವರನ್ನ ನಮ್ಮೂರಲ್ಲಿ ದಿನಾ ನೋಡುತ್ತೇನೆ, ಸೊಪ್ಪು ಸೇದಿ ಹೊಡೆದವರನ್ನ ನೋಡಿಲ್ಲ. ನಿಮ್ಮ ತಮ್ಮನಿಗೆ ಓದಿನ ಒತ್ತಡ ಇರಬಹುದು. ಸ್ವಲ್ಪ ದಿನ ಬಿಡಿ, ಸರಿ ಹೋಗುತ್ತಾನೆ.

ನೈಟ್_ಡ್ಯೂಟಿ

ಶಿರಾ ಅಕ್ಕ, ನಾನು 11 ವರ್ಷದಿಂದ ಮನೋರೋಗ ವಿಭಾಗದಲ್ಲಿ ನರ್ಸ್. ದಯವಿಟ್ಟು "ಸ್ವಲ್ಪ ದಿನ ಬಿಡಿ" ಅನ್ನುವ ಮಾತು ಕೇಳಬೇಡಿ. ಮಲೆನಾಡ್ ಹುಡುಗ ಕೆಟ್ಟ ಮನಸ್ಸಿನಿಂದ ಹೇಳಿಲ್ಲ, ತನಗೆ ಆದ ಹಾಗೆ ಹೇಳಿದ್ದಾರೆ. ಆದರೆ ಇಲ್ಲಿ ಕಾಣುತ್ತಿರುವುದು ಬೇರೆ.

ನೀವು ಬರೆದದ್ದರಲ್ಲಿ ಎರಡು ವಿಷಯ ಒಂದಕ್ಕೊಂದು ಸಿಕ್ಕಿಕೊಂಡಿವೆ, ಮೊದಲು ಅದನ್ನ ಬಿಡಿಸೋಣ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಚಡಪಡಿಕೆ, ಸಿಡಿಮಿಡಿ. ದಿನಾ ಸೇದುವವರು ತಟ್ಟನೆ ನಿಲ್ಲಿಸಿದರೆ ಇದೆಲ್ಲ ಆಗುತ್ತೆ. ಒಂದು ಅಥವಾ ಎರಡು ದಿನದಲ್ಲಿ ಶುರುವಾಗಿ ಮೊದಲ ವಾರ ಜೋರಾಗಿದ್ದು, ಎರಡು ವಾರದ ಹೊತ್ತಿಗೆ ಹೆಚ್ಚಿನದು ಇಳಿಯುತ್ತೆ. ನಿದ್ದೆ ಮಾತ್ರ ಇನ್ನೂ ಸ್ವಲ್ಪ ಸತಾಯಿಸುತ್ತೆ. ಆದರೆ ಕ್ಯಾಮೆರಾದಲ್ಲಿ ಯಾರೋ ನೋಡುತ್ತಿದ್ದಾರೆ, ಪಕ್ಕದ ಮನೆಯವರು ನನ್ನ ಬಗ್ಗೆಯೇ ಮಾತಾಡುತ್ತಾರೆ, ಒಬ್ಬನೇ ಗೊಣಗುವುದು, ಇದನ್ನೆಲ್ಲ ಬಿಟ್ಟಾಗ ಆಗುವ ತೊಂದರೆ ಅಂತ ತಳ್ಳಿಹಾಕುವ ಹಾಗಿಲ್ಲ. ಅದೂ ಸೊಪ್ಪು ಸಿಗುವ ಮೊದಲೇ ಶುರುವಾಗಿದೆ ಅಲ್ವಾ? ಇದಕ್ಕೆ ನಾವು ಸೈಕೋಸಿಸ್ ಅನ್ನುತ್ತೇವೆ. ಇಲ್ಲದ್ದು ಇದೆ ಅಂತ ಮನಸ್ಸಿಗೆ ಗಟ್ಟಿಯಾಗಿ ಅನ್ನಿಸುವುದು. ಅವನು ನಾಟಕ ಮಾಡುತ್ತಿಲ್ಲ, ಅವನಿಗೆ ಅದು ನಿಜವಾಗಿಯೇ ಹಾಗೆ ಕಾಣುತ್ತಿದೆ, ಅದಕ್ಕೇ ಅಷ್ಟು ಹೆದರಿದ್ದಾನೆ.

ತಾತನ ಪ್ರಶ್ನೆಗೆ ಬರುತ್ತೇನೆ, ಒಳ್ಳೆಯ ಪ್ರಶ್ನೆ ಅದು. ಗಾಂಜಾದಲ್ಲಿ ಅಮಲು ಕೊಡುವ ಮುಖ್ಯ ವಸ್ತು ಟಿಎಚ್‌ಸಿ. ನಮ್ಮ ಮಿದುಳು ತನ್ನಷ್ಟಕ್ಕೆ ತಾನೇ ಅದೇ ಕೆಲಸ ಮಾಡುವ ಒಂದು ವಸ್ತುವನ್ನು ಮಾಡಿಕೊಳ್ಳುತ್ತೆ. 1992ರಲ್ಲಿ ಅದನ್ನ ಕಂಡುಹಿಡಿದವರು ನಮ್ಮ 'ಆನಂದ' ಪದವನ್ನೇ ತಗೊಂಡು ಆನಂದಮೈಡ್ ಅಂತ ಹೆಸರಿಟ್ಟರು. ನೆನಪು, ಹಸಿವು, ಭಯ, ನೋವು, ನಿದ್ದೆ ಇವೆಲ್ಲವನ್ನೂ ಹದದಲ್ಲಿಡೋಕೆ ಅದು ಬೇಕು. ಎಲ್ಲಿ ಎಷ್ಟು ಬೇಕೋ ಅಷ್ಟೇ ಹುಟ್ಟಿ, ಕೆಲಸ ಮುಗಿದ ಕೂಡಲೇ ಕರಗಿಹೋಗುತ್ತೆ. ಟಿಎಚ್‌ಸಿ ಹಾಗಲ್ಲ. ಒಂದೇ ಸಲಕ್ಕೆ ಮಿದುಳಿನ ತುಂಬಾ ನುಗ್ಗಿ, ಆನಂದಮೈಡ್ ಹೋಗಿ ಕೂರುವ ಬೀಗದಂಥ ಜಾಗಗಳಿಗೆಲ್ಲ ತಾನೇ ಕೀಲಿಯಾಗಿ ಗಂಟೆಗಟ್ಟಲೆ ಕೂರುತ್ತೆ. ನೆನಪಿನ ಜಾಗದಲ್ಲಿ ಕೂತರೆ ಎರಡು ನಿಮಿಷದ ಹಿಂದೆ ಹೇಳಿದ್ದು ಮರೆಯುತ್ತೆ. ಮೈಯ ಸಮತೋಲ ಹಿಡಿಯುವ ಜಾಗದಲ್ಲಿ ಕೂತರೆ ಬೈಕ್ ಓಡಿಸುವಾಗ ಬ್ರೇಕ್ ಹಾಕೋದು ತಡ ಆಗುತ್ತೆ. ಹಸಿವಿನ ಜಾಗದಲ್ಲಾದರೆ ಊಟ ಆದ ಮೇಲೂ ಮತ್ತೆ ತಿನ್ನಬೇಕು ಅನ್ನಿಸುತ್ತೆ. ಎದೆಬಡಿತ ಏರುತ್ತೆ, ಕಣ್ಣಿನ ರಕ್ತನಾಳ ಹಿಗ್ಗಿ ಕೆಂಪಾಗುತ್ತೆ, ಬಾಯಿ ಒಣಗುತ್ತೆ. ಉಸಿರಾಟ ನಡೆಸುವ ಭಾಗದಲ್ಲಿ ಈ ಬೀಗಗಳು ತೀರಾ ಕಮ್ಮಿ. ಹಾಗಾಗಿ ಅಫೀಮಿನ ಥರ ಉಸಿರು ನಿಲ್ಲಿಸುವುದಿಲ್ಲ. "ಗಾಂಜಾದಿಂದ ಯಾರೂ ಸತ್ತಿಲ್ಲ" ಅನ್ನುವ ಮಾತು ಬಂದದ್ದು ಅಲ್ಲಿಂದ. ಅಷ್ಟು ಮಟ್ಟಿಗೆ ಅದು ಸರಿ. ಆದರೆ ಹೃದಯದ ತೊಂದರೆ ಇರುವವರಿಗೆ, ಗಾಡಿ ಓಡಿಸುವವರಿಗೆ ಆ ಮಾತಿನಿಂದ ಯಾವ ಉಪಯೋಗವೂ ಇಲ್ಲ. ಮನಸ್ಸಿಗೆ ಏನಾಗುತ್ತೆ ಅನ್ನೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಮನಸ್ಸಿನ ವಿಷಯದಲ್ಲಿ ಅದೇ ಒಂದು ದಮ್ಮು ಒಬ್ಬನನ್ನ ನಗಿಸುತ್ತೆ, ಇನ್ನೊಬ್ಬನಿಗೆ ಈಗಲೇ ಸಾಯುತ್ತೇನೆ ಅನ್ನುವಷ್ಟು ಗಾಬರಿ ತರುತ್ತೆ. ಯಾರಿಗೆ ಯಾವುದು ಅನ್ನೋದರಲ್ಲಿ ವಯಸ್ಸಿನ ಪಾಲು ದೊಡ್ಡದು. ಮಿದುಳು ಸುಮಾರು 25 ವರ್ಷದ ತನಕ ಇನ್ನೂ ಕಟ್ಟಿಕೊಳ್ಳುತ್ತಿರುತ್ತೆ. ಯೋಚಿಸಿ ತೀರ್ಮಾನ ಮಾಡುವ ಮುಂಭಾಗ ಕೊನೆಗೆ ಹದಕ್ಕೆ ಬರುತ್ತೆ. ಪಿಯುಸಿ ಹುಡುಗ ದಿನಾ ಸೇದೋದೂ, ನಲವತ್ತು ದಾಟಿದ ರೈತ ಜಾತ್ರೆಯಲ್ಲಿ ಒಂದು ಸಲ ಸೇದೋದೂ ಒಂದೇ ಅಲ್ಲ. ಸ್ವೀಡನ್‌ನಲ್ಲಿ ಸೈನ್ಯಕ್ಕೆ ಸೇರಿದ 45,000ಕ್ಕೂ ಜಾಸ್ತಿ ಹುಡುಗರನ್ನ 15 ವರ್ಷ ಗಮನಿಸಿ 1987ರಲ್ಲಿ ಒಂದು ವರದಿ ಬಂತು. 18 ವರ್ಷದೊಳಗೆ 50ಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದವರಲ್ಲಿ ಸ್ಕಿಜೋಫ್ರೇನಿಯಾ (ಇಂಥ ಸೈಕೋಸಿಸ್ ದೀರ್ಘಕಾಲ ಕಾಡುವ ಕಾಯಿಲೆ) ಬಂದದ್ದು ಬಳಸದವರಿಗಿಂತ ಆರು ಪಟ್ಟು ಹೆಚ್ಚು. ಹಾಗಂತ ಸೇದಿದವರಿಗೆಲ್ಲ ಬಂತು ಅಂತಲ್ಲ, ಹೆಚ್ಚಿನವರಿಗೆ ಬರಲಿಲ್ಲ. ಆ ಮೇಲೆ ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲೂ ಇದೇ ದಿಕ್ಕು ಕಂಡಿದೆ. ದಿನಾ ಸೇದುವವರಿಗೆ, ಕಡಕ್ ಮಾಲು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು.

ಕಡಕ್ ಅಂದೆ ಅಲ್ವಾ, ಅದೂ ತಾತನ ಕಾಲಕ್ಕೂ ಈಗಿಗೂ ಇರುವ ವ್ಯತ್ಯಾಸ. ತಾತ ಸೇದಿದ್ದು ಹೊಲದ ಬದುವಿನಲ್ಲಿ ಬೆಳೆದ, ಬೀಜ ಕಟ್ಟಿದ ಗಿಡ. ಅದರಲ್ಲಿ ಟಿಎಚ್‌ಸಿ ಕಮ್ಮಿ ಇರುತ್ತೆ. ಈಗ ಬೆಂಗಳೂರಿನಲ್ಲಿ ಹೈಡ್ರೋ ಅಂತ ಮಾರುತ್ತಾರಲ್ಲ, ಅದನ್ನು ಮಣ್ಣಿಲ್ಲದೆ ಕೋಣೆಯೊಳಗೆ ಲೈಟ್ ಹಾಕಿ, ಬೀಜ ಕಟ್ಟದ ಹಾಗೆ ನೋಡಿಕೊಂಡು ಅಮಲಿಗೋಸ್ಕರವೇ ಬೆಳೆಸುತ್ತಾರೆ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಥಾಯ್ಲೆಂಡ್‌ನಿಂದ ಬಂದ ಬ್ಯಾಗುಗಳಲ್ಲಿ ಹಿಡಿಯುವ ಸುದ್ದಿ ಓದಿರುತ್ತೀರಿ. ಕೆನಡಾದಲ್ಲಿ ಪ್ಯಾಕೆಟ್ ಮೇಲೆ ಎಷ್ಟು ಟಿಎಚ್‌ಸಿ ಅಂತ ಅಚ್ಚಾಗಿರುತ್ತೆ, ಚಿಕ್ಕ ವಯಸ್ಸಿನವರಿಗೆ ಮಾರುವ ಹಾಗಿಲ್ಲ. ಪಿಜಿ ಗೇಟಿನ ಹತ್ತಿರ ಕವರ್ ಕೊಡುವವನು ಎರಡನ್ನೂ ನೋಡುವುದಿಲ್ಲ.

ಈಗ ನನಗೆ ನಿಮ್ಮಿಂದ ಮೂರು ಉತ್ತರ ಬೇಕು. ಅವನಿಗೆ ಯಾರೋ ಮಾತಾಡಿದ ಹಾಗೆ ದನಿ ಕೇಳಿಸುತ್ತಾ, ಮೆಲ್ಲಗೆ ಕೇಳಿ ನೋಡಿ. ಸಾಯುವ ಮಾತು ಅಥವಾ ಯಾರಿಗಾದರೂ ಏನಾದರೂ ಮಾಡುವ ಮಾತು ಆಡಿದ್ದಾನಾ? ತಾಯಿ ಕಡೆ, ತಂದೆ ಕಡೆ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತಾ? ಎರಡನೆಯದಕ್ಕೆ ಹೌದು ಅನ್ನೋದಾದರೆ ಇಲ್ಲಿ ಉತ್ತರ ಬರೆಯುತ್ತಾ ಕೂರಬೇಡಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬಿಟ್ಟು_ನಾಲ್ಕು_ವರ್ಷ

ಅಕ್ಕಾ, ನಾನು ನಿಮ್ಮ ತಮ್ಮನ ಜಾಗದಲ್ಲಿ ಇದ್ದವನು. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುವಾಗ ಶುರು ಮಾಡಿ, ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಬೆಳಿಗ್ಗೆ ಎದ್ದ ಕೂಡಲೇ ಒಂದು, ರಾತ್ರಿ ಮಲಗೋಕೆ ಒಂದು. ಸಿಗರೇಟಿಗಿಂತ ವಾಸಿ ಅಂತ ನಾನೂ ಹೇಳುತ್ತಿದ್ದೆ. ನಿಜ ಏನಂದರೆ ಅದನ್ನ ಸಿಗರೇಟಿನ ತಂಬಾಕಿನ ಜೊತೆಗೇ ಕಲೆಸಿ ಸುತ್ತುತ್ತಿದ್ದೆವು. ಬೆಳಿಗ್ಗೆ ಎದ್ದರೆ ಕೆಮ್ಮು, ಕಫ. ಎರಡು ಚಟ ಒಟ್ಟಿಗೆ ಅಂಟಿಕೊಂಡಿದ್ದು ಬಿಡುವಾಗ ಗೊತ್ತಾಯ್ತು.

ನನಗೆ ಅನುಮಾನದ ಕಾಯಿಲೆ ಬರಲಿಲ್ಲ. ನನ್ನ ಕಥೆ ಬೇರೆ ಥರ. ಯಾವುದರಲ್ಲೂ ಆಸೆ ಇಲ್ಲ. ಅಮ್ಮ ಫೋನ್ ಮಾಡಿದರೆ ಎತ್ತೋಕೆ ಬೇಜಾರು. ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ, ಸಪ್ಲಿಮೆಂಟರಿ ಮೇಲೆ ಸಪ್ಲಿಮೆಂಟರಿ. ಆಮೇಲೆ ವಾಂತಿ ಶುರುವಾಯ್ತು. ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳಸಿ, ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಬಿಸಿನೀರು ಮೈಮೇಲೆ ಹುಯ್ದುಕೊಂಡಾಗ ಮಾತ್ರ ಸ್ವಲ್ಪ ಸಮಾಧಾನ. ದಿನಕ್ಕೆ ನಾಲ್ಕು ಐದು ಸಲ ಸ್ನಾನ ಮಾಡುತ್ತಿದ್ದೆ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿದೆ, ಎಂಡೋಸ್ಕೋಪಿ ಮಾಡಿಸಿದೆ, ಏನೂ ಕಾಣಲಿಲ್ಲ. ವಾಂತಿ ನಿಲ್ಲಲಿ ಅಂತ ಇನ್ನೂ ಜಾಸ್ತಿ ಸೇದಿದೆ. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು "ಬಿಸಿನೀರು ಸ್ನಾನ ಮಾಡಿದರೆ ಕಮ್ಮಿ ಆಗುತ್ತಾ?" ಅಂತ ಕೇಳಿದರು. ನಾನು ಹೌದು ಅಂದೆ. "ಗಾಂಜಾ ಎಷ್ಟು ವರ್ಷದಿಂದ?" ಅಂದರು. ವರ್ಷಗಟ್ಟಲೆ ದಿನಾ ಸೇದುವವರಲ್ಲಿ ಕೆಲವರಿಗೆ ಇದು ಬರುತ್ತಂತೆ. ಬಿಡೋದೊಂದೇ ದಾರಿ ಅಂದರು.

ಬಿಟ್ಟಾಗ ಆದದ್ದು ಹೇಳುತ್ತೇನೆ, ನಿಮ್ಮ ತಮ್ಮನಿಗೂ ಇದು ಆಗುತ್ತಿರಬಹುದು. ಮೂರನೇ ದಿನ ಅತಿ ಕಷ್ಟ. ಬೆವರು, ಸಣ್ಣ ಮಾತಿಗೂ ಸಿಟ್ಟು, ಅನ್ನ ನೋಡಿದರೆ ಬೇಡ. ನಿದ್ದೆ ಬಂದರೆ ಕನಸೋ ಕನಸು, ಎಷ್ಟು ನಿಚ್ಚಳ ಅಂದರೆ ಎದ್ದ ಮೇಲೆ ಯಾವುದು ನಿಜ ಅಂತ ಯೋಚಿಸಬೇಕು. ನಾನು ಎರಡು ಸಲ ಬಿಟ್ಟು ಎರಡು ಸಲವೂ ಮತ್ತೆ ಸೇದಿದೆ, ಎರಡು ಸಲವೂ ಬರೀ ನಿದ್ದೆಗೋಸ್ಕರ. ಮೂರನೇ ಸಲ ಡಾಕ್ಟರ್ ಹತ್ತಿರ ಹೋಗಿ ನಿದ್ದೆಗೆ ಕೆಲವು ದಿನದ ಮಾತ್ರೆ ತಗೊಂಡೆ. ರೂಮ್ ಬದಲಾಯಿಸಿದೆ, ಹಳೇ ನಂಬರ್ ಬಿಟ್ಟೆ.

ಅಪ್ಪನಿಗೆ ಒಂದು ಮಾತು ಹೇಳಿ ಅಕ್ಕಾ. ನಮ್ಮಪ್ಪನೂ ಹೊಡೆದಿದ್ದರು. ಹೊಡೆದ ರಾತ್ರಿಯೇ ನಾನು ಬಸ್ಸು ಹತ್ತಿ ಹೋಗಿ ಸೇದಿದ್ದು.

ಕೃಷ್ಣಾ_ತೀರ

ತಂಗಿ, ನಾನು ಯಾದಗಿರಿ ಜಿಲ್ಲೆಯ ಸುರಪುರ ಕಡೆಯವ. ಸಾಧುಗಳ ಚಿಲುಮೆ ಅಂದೆಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಕೊಡುವ ಪದ್ಧತಿ ನಡೆದು ಬಂದಿದೆ, ಪೇಪರಿನಲ್ಲೂ ಬಂದಿತ್ತು. ಅವಧೂತರು, ಆರೂಢರು, ಶರಣರ ಪಂಥಗಳಲ್ಲೂ ಕೆಲವರಲ್ಲಿ ಇದೆ. ನಮ್ಮಜ್ಜನೂ ಆ ಸಾಲಿನವರು.

ನಾನು ಸಣ್ಣವನಿದ್ದಾಗ ಕಂಡದ್ದು ಹೇಳುತ್ತೇನೆ. ಚಿಲುಮೆ ಒಂದೇ ಇರುತ್ತಿತ್ತು, ಕೂತವರು ಹತ್ತು ಜನ. ಒಬ್ಬೊಬ್ಬರಿಗೆ ಒಂದು ದಮ್ಮು, ಹೆಚ್ಚೆಂದರೆ ಎರಡು. ಭಜನೆ, ತತ್ವಪದ, ಆಮೇಲೆ ಎಲ್ಲರೂ ಮೌನ. ಹಿರಿಯರು ಒಬ್ಬರು ಎಲ್ಲರನ್ನೂ ನೋಡುತ್ತಾ ಕೂತಿರುತ್ತಿದ್ದರು, ಯಾರ ಮಾತಾದರೂ ತಪ್ಪಿದರೆ ಅವನಿಗೆ ಮುಂದೆ ಚಿಲುಮೆ ದಾಟುತ್ತಿರಲಿಲ್ಲ. ಮೀಸೆ ಬಾರದ ಹುಡುಗರನ್ನ ಹತ್ತಿರ ಕೂರಿಸುತ್ತಿರಲಿಲ್ಲ, ನನ್ನನ್ನೂ ಎಷ್ಟೋ ಸಲ ಎಬ್ಬಿಸಿ ಕಳಿಸಿದ್ದಾರೆ. ನರ್ಸಮ್ಮ ಹೇಳಿದ 25 ವರ್ಷದ ಲೆಕ್ಕ ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ, ಆದರೆ ಹುಡುಗರಿಗೆ ಬೇಡ ಅಂತ ಗೊತ್ತಿತ್ತು.

ಎಲ್ಲರೂ ಗಟ್ಟಿಯಾಗಿ ಉಳಿದರು ಅಂತಲೂ ಹೇಳಲಾರೆ. ನಮ್ಮೂರಲ್ಲಿ ಒಬ್ಬಾತ ಇದ್ದ, ಒಳ್ಳೆಯ ಹಾಡುಗಾರ. ಜಾತ್ರೆ ಮುಗಿದ ಮೇಲೂ ಬಿಡಲಿಲ್ಲ, ದಿನವಿಡೀ ಅದೇ. ಆಮೇಲೆ ಹೆಂಡತಿ ಊಟದಲ್ಲಿ ವಿಷ ಹಾಕುತ್ತಾಳೆ ಅಂತ ಶುರುವಾಯ್ತು. ಊರವರು ದೇವರು ಮೈಮೇಲೆ ಬಂದಿದ್ದಾನೆ ಅಂದರು. ಯಾರೂ ದವಾಖಾನೆಗೆ ಒಯ್ಯಲಿಲ್ಲ. ಗಟ್ಟಿಯಾಗಿ ಬದುಕಿದ ಅಜ್ಜಂದಿರ ಹೆಸರು ಎಲ್ಲರ ಬಾಯಲ್ಲಿದೆ, ಅವನ ಹೆಸರು ಯಾರೂ ಎತ್ತುವುದಿಲ್ಲ. ನಿನ್ನ ತಮ್ಮನನ್ನು ಒಯ್ಯಿ ತಂಗಿ. ದೃಷ್ಟಿ ತೆಗೆಯುವುದಿದ್ದರೆ ತಾಯಿ ತೆಗೆಯಲಿ, ಅದಕ್ಕೆ ಐದು ನಿಮಿಷ ಸಾಕು. ಆಮೇಲೆ ಬಸ್ಸು ಹತ್ತಿ.

ಕೋರ್ಟ್_ಕಟ್ಟೆ

ಪೊಲೀಸ್ ಪ್ರಶ್ನೆಗೆ ಉತ್ತರ. ನಾನು ವಕೀಲ.

ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆ 1985ರದ್ದು. ಅದರಲ್ಲಿ ಗಾಂಜಾ ಅಂದರೆ ಗಿಡದ ಹೂವು, ತೆನೆ. ತೆನೆ ಇಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ, ಹಾಗಾಗಿ ಭಂಗಿಯ ವಿಷಯ ರಾಜ್ಯಗಳ ನಿಯಮಕ್ಕೆ ಬಿಟ್ಟದ್ದು. ನಿಮ್ಮ ತಮ್ಮನ ಹತ್ತಿರ ಇದ್ದದ್ದು ಜನ ಸೊಪ್ಪು ಅಂತ ಕರೆದರೂ ಗಾಂಜಾನೇ ಇರುತ್ತೆ. 1 ಕೆಜಿ ತನಕ ಸಣ್ಣ ಪ್ರಮಾಣ. ಅದಕ್ಕೆ ಒಂದು ವರ್ಷದ ತನಕ ಜೈಲು ಅಥವಾ 10,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಸೇದಿದ್ದಕ್ಕೆ 27ನೇ ಕಲಂ, ಆರು ತಿಂಗಳ ತನಕ ಅಥವಾ ದಂಡ, ಇಲ್ಲವೇ ಎರಡೂ.

ಆದರೆ ಇದೇ ಕಾಯ್ದೆಯಲ್ಲಿ 64ಎ ಅಂತ ಕಲಂ ಇದೆ, ಇದನ್ನ ಯಾರೂ ಜನಕ್ಕೆ ಹೇಳುವುದಿಲ್ಲ. ಚಟಕ್ಕೆ ಬಿದ್ದವನು ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ತಗೊಂಡರೆ, ಸೇದಿದ್ದಕ್ಕೂ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೂ ಅವನ ಮೇಲೆ ಕೇಸು ನಡೆಸುವುದರಿಂದ ರಕ್ಷಣೆ ಸಿಗುತ್ತೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಇನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ವಿಷಯ ಗುಟ್ಟಾಗಿಡುವುದು ಅವನ ಹಕ್ಕು. ಧೈರ್ಯವಾಗಿ ಡಾಕ್ಟರ್ ಹತ್ತಿರ ಎಲ್ಲಾ ಹೇಳಿ.

ಅಪ್ಪನಿಗೆ ಇದನ್ನೂ ತಿಳಿಸಿ. 20 ವರ್ಷದವನನ್ನ ಕಟ್ಟಿಹಾಕಿ ಯಾವುದೋ ಕೇಂದ್ರದಲ್ಲಿ ಬಿಟ್ಟು ಬರುವ ಹಾಗಿಲ್ಲ. ಸರಪಳಿ ಹಾಕೋದನ್ನ ಅದೇ ಕಾಯ್ದೆ ನಿಷೇಧಿಸಿದೆ. ರೋಗಿಗೆ ಒಪ್ಪಿಗೆ ಕೊಡುವ ಸ್ಥಿತಿ ಇಲ್ಲದಿದ್ದರೆ ಮನೆಯವರು ಅರ್ಜಿ ಕೊಟ್ಟು, ವೈದ್ಯರು ಪರೀಕ್ಷೆ ಮಾಡಿ ಸೇರಿಸಿಕೊಳ್ಳುವ ದಾರಿ ಬೇರೆ ಇದೆ, ಅದನ್ನ ಆಸ್ಪತ್ರೆಯವರೇ ಹೇಳುತ್ತಾರೆ.

ಶಿರಾ_ಅಕ್ಕ

ಎಲ್ಲರಿಗೂ ಕೈ ಮುಗಿಯುತ್ತೇನೆ. ನರ್ಸಕ್ಕ, ನಿಮ್ಮ ಮೂರು ಪ್ರಶ್ನೆಗೆ ಉತ್ತರ.

ರಾತ್ರಿ ಟೆರೇಸಿಗೆ ಹೋಗಿ ಪಕ್ಕ ಕೂತು ಕೇಳಿದೆ. ಮೊದಲು ಹೇಳಲಿಲ್ಲ. ಆಮೇಲೆ ಹೇಳಿದ, ಇಬ್ಬರು ಮಾತಾಡಿಕೊಳ್ಳುವ ಹಾಗೆ ಕೇಳಿಸುತ್ತಂತೆ, ತಾನು ಮಾಡುವುದನ್ನೆಲ್ಲ ಒಬ್ಬ ಇನ್ನೊಬ್ಬನಿಗೆ ಹೇಳುತ್ತಾನಂತೆ. "ಅಕ್ಕ ನಿನಗೂ ಕೇಳುತ್ತಾ" ಅಂದ. ನಾನು ಇಲ್ಲ ಅಂದೆ. ತಪ್ಪು ಮಾಡಿದೆನಾ ಗೊತ್ತಿಲ್ಲ. ಸಾಯುವ ಮಾತು ಆಡಿಲ್ಲ, ಯಾರಿಗೂ ಏನೂ ಮಾಡುವ ಮಾತೂ ಇಲ್ಲ, ಬರೀ ಹೆದರಿಕೆ.

ಮೂರನೆಯದು. ನಮ್ಮ ಅಮ್ಮನ ಅಣ್ಣ, ನಮ್ಮ ಸೋದರಮಾವ, 23ನೇ ವಯಸ್ಸಿಗೆ ಹೀಗೇ ಆಗಿ ಊರೂರು ಅಲೆಯುತ್ತಿದ್ದರಂತೆ. ಅವರು ಏನೂ ಸೇದುತ್ತಿರಲಿಲ್ಲ. ನನ್ನ ಮದುವೆ ಮಾತು ನಡೆಯುವಾಗ ಅವರ ಸುದ್ದಿ ಎತ್ತಬೇಡಿ ಅಂತ ಅಪ್ಪ ಹೇಳಿದ್ದರು, ಅದಕ್ಕೆ ಇಲ್ಲೂ ಬರೆಯಲಿಲ್ಲ. ನಿನ್ನೆ ಅಮ್ಮನಿಗೆ ಈ ಪುಟ ಓದಿ ಹೇಳಿದೆ. ಮಾವನ ಹೆಸರು ಬಂದ ಕೂಡಲೇ ಅಳೋಕೆ ಶುರು ಮಾಡಿದರು.

ನೈಟ್_ಡ್ಯೂಟಿ

ಇಲ್ಲ ಅಂದದ್ದು ತಪ್ಪಲ್ಲ ಅಕ್ಕ. "ನನಗೆ ಕೇಳಿಸುತ್ತಿಲ್ಲ, ಆದರೆ ನಿನಗೆ ಕೇಳಿಸುತ್ತೆ ಅಂತ ನಂಬುತ್ತೇನೆ, ಭಯ ಆಗುತ್ತಿರಬೇಕು" ಅಂತ ಹೇಳಿದರೆ ಸಾಕು. ಅದೆಲ್ಲ ಸುಳ್ಳು ಅಂತ ವಾದ ಮಾಡಬೇಡಿ, ಹೌದು ಅಂತಲೂ ಅನ್ನಬೇಡಿ.

ಮಾವನ ವಿಷಯ ಹೇಳಿದ್ದು ತುಂಬಾ ಮುಖ್ಯ. ತಾತನಿಗೆ ಆಗದ್ದು ಇವನಿಗೆ ಹೇಗೆ ಆಯ್ತು ಅಂದಿರಲ್ಲ, ಅದರ ಒಂದು ಉತ್ತರ ಇಲ್ಲಿ ಇರಬಹುದು. ಕೆಲವು ಮನೆತನಗಳಲ್ಲಿ ಈ ಕಾಯಿಲೆ ಬರುವ ಸಾಧ್ಯತೆ ರಕ್ತದಲ್ಲೇ ಸ್ವಲ್ಪ ಹೆಚ್ಚು ಇರುತ್ತೆ. ಅಂಥವರಿಗೆ ಗಾಂಜಾ ಬೆಂಕಿಗೆ ಸೀಮೆಎಣ್ಣೆ ಇದ್ದ ಹಾಗೆ. ಗಾಂಜಾದಿಂದಲೇ ಬಂತಾ, ಬರುವುದಿದ್ದದ್ದು ಬೇಗ ಬಂತಾ ಅಂತ ಈಗ ಯಾರೂ ಹೇಳೋಕೆ ಆಗಲ್ಲ. ಬರೀ ಗಾಂಜಾದ್ದಾದರೆ ಬಿಟ್ಟ ಮೇಲೆ ಹೆಚ್ಚಾಗಿ ದಿನಗಳಲ್ಲಿ, ಕೆಲವು ವಾರಗಳಲ್ಲಿ ಇಳಿಯುತ್ತೆ. ಒಂದು ತಿಂಗಳು ದಾಟಿದರೂ ಇದ್ದರೆ ಡಾಕ್ಟರು ಬೇರೆ ಥರ ಯೋಚಿಸುತ್ತಾರೆ. ಹೇಗಿದ್ದರೂ ಚಿಕಿತ್ಸೆ ಈಗಲೇ ಶುರುವಾಗಬೇಕು, ಇದರಲ್ಲಿ ತಡ ಮಾಡಿದಷ್ಟೂ ವಾಸಿ ಆಗೋದು ನಿಧಾನ.

ನಿಮಗೆ ಹತ್ತಿರ ಅಂದರೆ ತುಮಕೂರು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಶಿಬಿರ ಇರುತ್ತೆ, ಆದರೆ ನೀವು ಮಂಗಳವಾರಕ್ಕೆ ಕಾಯಬೇಡಿ. ಬೆಂಗಳೂರಿಗೆ ಹೋಗೋಕೆ ಆದರೆ ನಿಮ್ಹಾನ್ಸ್‌ನಲ್ಲಿ ಎಮರ್ಜೆನ್ಸಿ 24 ಗಂಟೆಯೂ ತೆರೆದಿರುತ್ತೆ, ಚಟ ಬಿಡಿಸುವ ವಿಭಾಗವೂ ಅಲ್ಲೇ ಇದೆ. ಹೊರಡುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ತಮ್ಮನಿಗೆ "ನಿನಗೆ ಹುಚ್ಚು, ತೋರಿಸಬೇಕು" ಅನ್ನಬೇಡಿ. ನಿದ್ದೆ ಬರುತ್ತಿಲ್ಲ, ಅದಕ್ಕೆ ತೋರಿಸೋಣ ಅನ್ನಿ. ಅದು ಸುಳ್ಳಲ್ಲ, ಅವನಿಗೂ ನಿದ್ದೆ ಬೇಕು. ಗಾಂಜಾ ಎಷ್ಟು, ಯಾವಾಗಿಂದ, ಕೊನೆಗೆ ಸೇದಿದ್ದು ಯಾವತ್ತು, ಮಾವನ ವಿಷಯ, ಇಷ್ಟನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಲ್ಲಿ ಹೋದಾಗ ಅರ್ಧ ಮರೆತು ಹೋಗುತ್ತೆ. ದಿನಾ ಸೇದಿದವರ ಮೂತ್ರದಲ್ಲಿ ತಿಂಗಳ ಮೇಲೂ ಅಂಶ ಸಿಗಬಹುದು, ಯಾಕೆಂದರೆ ಟಿಎಚ್‌ಸಿ ಕೊಬ್ಬಿನಲ್ಲಿ ಕೂತಿರುತ್ತೆ. ಹಾಗಾಗಿ ಪರೀಕ್ಷೆಯಲ್ಲಿ ಬಂದರೆ ಕದ್ದು ಸೇದಿದ್ದಾನೆ ಅಂತ ಅಪ್ಪ ಮತ್ತೆ ಕೈ ಎತ್ತದ ಹಾಗೆ ನೋಡಿಕೊಳ್ಳಿ.

ಮಲೆನಾಡ್_ಹುಡುಗ

ಅಕ್ಕ, ಮೇಲೆ ನಾನು ಬರೆದದ್ದಕ್ಕೆ ಕ್ಷಮೆ ಇರಲಿ. ನನಗೆ ಏನೂ ಆಗಿಲ್ಲ ಅನ್ನೋದು ನಿಜ, ಆದರೆ ನಾನು ಶುರು ಮಾಡಿದ್ದು 23ರ ಮೇಲೆ, ಅದೂ ಅಪರೂಪಕ್ಕೆ. ಅವನು 17ರಿಂದ, ದಿನಾ. ಅದನ್ನ ನೋಡದೆ ಮಾತಾಡಿದೆ. ನನ್ನ ಚಿಕ್ಕಪ್ಪನ ಮಗನಿಗೆ ಈಗ 18, ನನ್ನ ಜೊತೆ ಕೂರಬೇಕು ಅನ್ನುತ್ತಿರುತ್ತಾನೆ. ಈ ಪುಟ ಅವನಿಗೆ ಕಳಿಸಿದ್ದೇನೆ.

ಶಿರಾ_ಅಕ್ಕ

ಹತ್ತು ದಿನ ಆಯ್ತು, ಹೇಳಬೇಕು ಅನ್ನಿಸಿತು. ಮಾರನೇ ದಿನವೇ ಕರೆದುಕೊಂಡು ಹೋದೆವು. ನಿದ್ದೆಗೆ ಅಂದದ್ದಕ್ಕೆ ಒಪ್ಪಿದ. ಅಪ್ಪ ಬರೋದಿಲ್ಲ ಅಂದವರು ಕೊನೆಗೆ ಬಸ್ ಸ್ಟ್ಯಾಂಡಿಗೆ ಬಂದು ಅವನ ಪಕ್ಕವೇ ಕೂತರು. ಡಾಕ್ಟರು ನಮ್ಮನ್ನ ಹೊರಗೆ ಕಳಿಸಿ ಅವನ ಜೊತೆ ಒಂದು ಗಂಟೆ ಮಾತಾಡಿದರು. ಸೇರಿಸೋದು ಬೇಡ, ಮನೆಯಲ್ಲೇ ನೋಡಿಕೊಳ್ಳಿ, ವಾರಕ್ಕೊಮ್ಮೆ ಬನ್ನಿ ಅಂದರು. ರಾತ್ರಿ ಒಂದು ಮಾತ್ರೆ. ಪೊಲೀಸ್ ಅನ್ನೋ ಮಾತೇ ಬರಲಿಲ್ಲ. ಈಗ ಆರು ಗಂಟೆ ಮಲಗುತ್ತಾನೆ. ದನಿಗಳು ದೂರ ಹೋದ ಹಾಗಿದೆ ಅನ್ನುತ್ತಾನೆ, ಪೂರ್ತಿ ಹೋಗಿಲ್ಲ. ಪ್ಲಾಸ್ಟರ್ ಇನ್ನೂ ತೆಗೆದಿಲ್ಲ, ನಾನೂ ಕೇಳಿಲ್ಲ.

ಒಂದು ಭಯ ಇದೆ. ಎರಡು ದಿನದಿಂದ ಕೈ ಸ್ವಲ್ಪ ನಡುಗುತ್ತೆ, ಕೂತಲ್ಲಿ ಕೂರೋಕೆ ಆಗಲ್ಲ, ಕಾಲು ಆಡಿಸುತ್ತಲೇ ಇರುತ್ತಾನೆ. ಅಮ್ಮ ಮಾತ್ರೆಯೇ ಬೇಡ, ನಿಲ್ಲಿಸೋಣ ಅನ್ನುತ್ತಿದ್ದಾರೆ. ಮುಂದಿನ ಭೇಟಿ ಸೋಮವಾರ.

ನೈಟ್_ಡ್ಯೂಟಿ

ಈ ಮಾತ್ರೆಗಳಲ್ಲಿ ಕೆಲವರಿಗೆ ಹಾಗಾಗುತ್ತೆ ಅಕ್ಕ, ಅದಕ್ಕೆ ಪರಿಹಾರ ಇದೆ. ನೀವಾಗಿ ನಿಲ್ಲಿಸಬೇಡಿ, ಸೋಮವಾರದ ತನಕ ಕಾಯಲೂ ಬೇಡಿ. ಚೀಟಿಯಲ್ಲಿ ಆಸ್ಪತ್ರೆಯ ನಂಬರ್ ಇರುತ್ತೆ, ಇವತ್ತೇ ಫೋನ್ ಮಾಡಿ, ಡೋಸ್ ಇಳಿಸುತ್ತಾರೆ ಅಥವಾ ಜೊತೆಗೆ ಇನ್ನೊಂದು ಮಾತ್ರೆ ಕೊಡುತ್ತಾರೆ. ಕುತ್ತಿಗೆ ಒಂದು ಕಡೆಗೆ ಎಳೆದುಕೊಂಡರೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡರೆ, ಅಥವಾ ಜೋರು ಜ್ವರ ಬಂದು ಮೈ ಬಿಗಿಯಾದರೆ ಫೋನ್ ಮಾಡುತ್ತಾ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ಅಂತ ಹೊದಿಕೆ ಸಮೇತ ತೋರಿಸಿ. ಫೋನ್ ಮಾಡಿ ಅವರು ಏನಂದರು ಅಂತ ಇಲ್ಲಿ ಬರೆಯಿರಿ, ಇವತ್ತು ರಾತ್ರಿ ನಾನು ಡ್ಯೂಟಿಯಲ್ಲಿ ಇಲ್ಲ, ನೋಡುತ್ತಿರುತ್ತೇನೆ.